ಸೆನ್ಸಾರ್ ಸಾಹೇಬರು ಓದಿದ ಮೇಲೆ ಊರಿಗೆ ಬಂದ ಪತ್ರಗಳು

 

ಇವತ್ತಿನ ಮಾತು ಯುದ್ಧಕ್ಕೆ ಹೋದ ಸಿಪಾಯಿಯ ಮನಸ್ಸಿನ ಬಗ್ಗೆ. ಮನೆ ಬಗ್ಗೆ ಅವನು ಏನು ಯೋಚನೆ ಮಾಡ್ತಿದ್ದ, ಕ್ಯಾಂಪಿನಲ್ಲಿ ಹೇಗಿದ್ದ, ತನ್ನನ್ನು ಅಲ್ಲಿಗೆ ಕಳಿಸಿದ ಸರ್ಕಾರದ ಬಗ್ಗೆ ಏನು ಅಂದ್ಕೊಂಡಿದ್ದ. ಯುದ್ಧ ಯಾವುದು ಅಂದ್ರೆ ಮೊದಲ ಮಹಾಯುದ್ಧ, 1914ರಿಂದ 1918. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಸಮುದ್ರ ದಾಟಿದರು. ಸುಮಾರು 74 ಸಾವಿರ ಜನ ವಾಪಸ್ ಬರಲಿಲ್ಲ. ನಮ್ಮ ಶಾಲೆ ಪುಸ್ತಕದಲ್ಲಿ ಇದಕ್ಕೆ ಸಿಗೋದು ಒಂದು ಪ್ಯಾರಾ. ಅದೂ ಗಾಂಧೀಜಿ ಬರೋದಕ್ಕೆ ಮುಂಚೆ ಬೇಗ ಬೇಗ ಮುಗಿಸೋ ಪ್ಯಾರಾ.

ಇದು ಪಾಡ್‌ಕಾಸ್ಟ್ ಅಲ್ವಾ, ಹಾಗಾಗಿ ಒಂದು ಧ್ವನಿಯಿಂದಲೇ ಶುರು ಮಾಡೋಣ.

1916ರ ಡಿಸೆಂಬರ್ 11. ಜರ್ಮನಿಯ ರಾಜಧಾನಿ ಬರ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ವ್ಯುನ್ಸ್‌ಡಾರ್ಫ್ ಅನ್ನೋ ಊರು. ಅಲ್ಲಿ ಯುದ್ಧಕೈದಿಗಳ ಒಂದು ಕ್ಯಾಂಪ್. ಅದರ ಹೆಸರು ಅರ್ಧಚಂದ್ರ ಕ್ಯಾಂಪ್. ಕ್ಯಾಂಪಿನಲ್ಲಿ ಒಬ್ಬ ಸಿಖ್ ಯುವಕನನ್ನು ಒಂದು ದೊಡ್ಡ ಕೊಳವೆಯ ಮುಂದೆ ನಿಲ್ಲಿಸಿದ್ದಾರೆ. ಹಳೇ ಗ್ರಾಮಫೋನ್‌ನಲ್ಲಿ ಹಾಡು ಹೊರಗೆ ಬರೋ ತುತ್ತೂರಿ ಇರುತ್ತಲ್ಲ, ಅಂಥದ್ದೇ. ಇಲ್ಲಿ ಮಾತ್ರ ಮಾತು ಒಳಗೆ ಹೋಗಬೇಕು. ಯುವಕನ ಹೆಸರು ಮಾಲ್ ಸಿಂಗ್, ಪಂಜಾಬಿನ ಫಿರೋಜ್‌ಪುರ ಜಿಲ್ಲೆಯವನು. ಬ್ರಿಟಿಷ್ ಇಂಡಿಯಾ ಸೈನ್ಯದಲ್ಲಿದ್ದು ಜರ್ಮನ್ನರ ಕೈಗೆ ಸಿಕ್ಕಿಬಿದ್ದವನು. ರೆಕಾರ್ಡ್ ಮಾಡ್ತಾ ಇರೋರು ಜರ್ಮನ್ ಪಂಡಿತರು. ಪ್ರಪಂಚದ ಭಾಷೆಗಳ ಉಚ್ಚಾರಣೆ ಸಂಗ್ರಹಿಸಬೇಕು, ಕೈದಿಗಳು ಹೇಗೂ ಕೈಗೆ ಸಿಕ್ಕಿದ್ದಾರೆ, ಇದಕ್ಕಿಂತ ಒಳ್ಳೇ ಅವಕಾಶ ಯಾವಾಗ ಸಿಗುತ್ತೆ ಅನ್ನೋದು ಅವರ ಲೆಕ್ಕ. 1915ರಿಂದ 1918ರವರೆಗೆ ಕೈದಿಗಳ ಕ್ಯಾಂಪ್‌ಗಳನ್ನು ಸುತ್ತಿ ಹೀಗೆ ಸಾವಿರದ ಆರುನೂರಕ್ಕೂ ಹೆಚ್ಚು ತಟ್ಟೆಗಳನ್ನು ಮಾಡಿಕೊಂಡರು. ಅವು ಇವತ್ತಿಗೂ ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿವೆ.

ಅವರಿಗೆ ಬೇಕಾಗಿದ್ದು ಪಂಜಾಬಿ ಭಾಷೆಯ ಸದ್ದು, ಅಷ್ಟೇ. ಏನು ಹೇಳ್ತಾನೆ ಅನ್ನೋದು ಅಷ್ಟು ಮುಖ್ಯ ಆಗಿರಲಿಲ್ಲ. ಹೇಳಬೇಕಾದ್ದನ್ನು ಮೊದಲೇ ಬರೆದುಕೊಂಡು ಅಭ್ಯಾಸ ಮಾಡಿಸಿ ನಿಲ್ಲಿಸ್ತಿದ್ದರು. ಅಂದ್ರೆ ಇದು ಬಾಯಿ ತಪ್ಪಿ ಬಂದ ಮಾತಲ್ಲ. ಯೋಚನೆ ಮಾಡಿ, ಕಾಗದಕ್ಕೆ ಇಳಿಸಿ, ಆಮೇಲೆ ಆಡಿದ ಮಾತು.

ಮಾಲ್ ಸಿಂಗ್ ಏನು ಹೇಳಿದ ಗೊತ್ತಾ? ನನ್ನ ಹೆಸರು ಇಂಥದ್ದು, ನನಗೆ ಹೀಗಾಯ್ತು ಅಂತ ಹೇಳಲಿಲ್ಲ. ಒಬ್ಬ ಮನುಷ್ಯ ಇದ್ದ ಅಂತ ಶುರು ಮಾಡಿದ. ನಮ್ಮಲ್ಲಿ ಅಜ್ಜಿ ಒಂದೂರಲ್ಲಿ ಒಬ್ಬ ರಾಜ ಇದ್ದ ಅಂತ ಶುರು ಮಾಡ್ತಾರಲ್ಲ, ಅದೇ ಥರ. ಆ ಮನುಷ್ಯ ಹಿಂದುಸ್ತಾನದಲ್ಲಿ ಸೇರುಗಟ್ಟಲೆ ಹಾಲು ಕುಡೀತಿದ್ದ, ಬೆಣ್ಣೆ ತಿಂತಿದ್ದ. ಇಂಗ್ಲಿಷರ ಕೆಲಸಕ್ಕೆ ಸೇರಿದ. ಯುರೋಪಿನ ಯುದ್ಧಕ್ಕೆ ಬಂದ. ಜರ್ಮನಿ ಅವನನ್ನು ಹಿಡಿದು ಹಾಕ್ತು. ಈಗ ಅವನಿಗೆ ಊರಿಗೆ ಹೋಗಬೇಕು ಅನ್ನಿಸ್ತಿದೆ. ಅಲ್ಲಿ ತಿಂತಿದ್ದ ಊಟ ತಿನ್ನಬೇಕು ಅನ್ನಿಸ್ತಿದೆ. ಇನ್ನೂ ಎರಡು ವರ್ಷ ಇಲ್ಲೇ ಇಟ್ಟರೆ ಅವನು ಸತ್ತೇ ಹೋಗ್ತಾನೆ. ದೇವರು ಕರುಣೆ ತೋರಿಸಿ ಇವರಿಬ್ಬರ ನಡುವೆ ರಾಜಿ ಮಾಡಿಸಿದರೆ ಅವನು ಇಲ್ಲಿಂದ ಹೊರಡ್ತಾನೆ. ಕಥೆ ಮುಗೀತು. ಒಂದೂವರೆ ನಿಮಿಷ ಕೂಡ ಇಲ್ಲ.

ಈ ಧ್ವನಿಯ ಬೆನ್ನು ಹತ್ತಿ ಫಿಲಿಪ್ ಶೆಫ್‌ನರ್ ಅನ್ನೋ ಜರ್ಮನ್ ನಿರ್ದೇಶಕ 2007ರಲ್ಲಿ 'ದಿ ಹಾಫ್‌ಮೂನ್ ಫೈಲ್ಸ್' ಅಂತ ಒಂದು ಸಾಕ್ಷ್ಯಚಿತ್ರ ಮಾಡಿದರು. ಹುಡುಕಿ ನೋಡಿ.

ಈಗ ನನ್ನ ಪ್ರಶ್ನೆ. ಈ ಒಂದೂವರೆ ನಿಮಿಷದಲ್ಲಿ ರಾಜಕೀಯ ಎಲ್ಲಿದೆ? ಬ್ರಿಟಿಷ್ ಸರ್ಕಾರಕ್ಕೆ ಜೈ ಅನ್ನಲಿಲ್ಲ, ಧಿಕ್ಕಾರವನ್ನೂ ಕೂಗಲಿಲ್ಲ. ಜರ್ಮನಿಯನ್ನು ಹೊಗಳಲಿಲ್ಲ. ಬರೀ ಬೆಣ್ಣೆ. ಆದರೂ ನನಗೆ ಅನ್ನಿಸೋದು, ಆ ಯುದ್ಧದ ಬಗ್ಗೆ ಒಬ್ಬ ಸಿಪಾಯಿ ಆಡಿದ ದೊಡ್ಡ ರಾಜಕೀಯದ ಮಾತು ಇದೇ ಅಂತ. ಯಾಕೆ ಅಂತ ಹೇಳೋದಕ್ಕೆ ಆ ಕ್ಯಾಂಪಿನ ಹೆಸರಿಗೆ ಸ್ವಲ್ಪ ವಾಪಸ್ ಹೋಗಬೇಕು.

ಅರ್ಧಚಂದ್ರ ಅಂತ ಯಾಕೆ ಹೆಸರಿಟ್ಟರು? 1914ರ ನವೆಂಬರ್‌ನಲ್ಲಿ ತುರ್ಕಿಯ ಸುಲ್ತಾನ ಜರ್ಮನಿಯ ಪಕ್ಷ ಸೇರಿ ಬ್ರಿಟನ್, ಫ್ರಾನ್ಸ್, ರಷ್ಯಾ ವಿರುದ್ಧ ಜಿಹಾದ್ ಸಾರಿದ. ಆ ಮೂರೂ ದೇಶಗಳ ಸೈನ್ಯದಲ್ಲಿ ಮುಸ್ಲಿಂ ಸೈನಿಕರು ಇದ್ದರು. ಅವರನ್ನು ಒಲಿಸ್ಕೊಂಡರೆ ಬ್ರಿಟಿಷ್ ಸಾಮ್ರಾಜ್ಯ ಒಳಗಿಂದಲೇ ಕುಸಿಯುತ್ತೆ ಅನ್ನೋದು ಜರ್ಮನಿಯ ಆಸೆ. ಅದಕ್ಕೇ ಈ ವಿಶೇಷ ಕ್ಯಾಂಪ್. 1915ರಲ್ಲಿ ಕೈದಿಗಳಿಗೋಸ್ಕರ ಮರದ ಮಸೀದಿ ಕಟ್ಟಿಸಿದರು. ಜರ್ಮನಿಯ ನೆಲದ ಮೇಲೆ ನಮಾಜಿಗಾಗಿ ಕಟ್ಟಿದ ಮೊದಲ ಮಸೀದಿ ಅದು. ಹಿಂದೂ ಮತ್ತು ಸಿಖ್ ಕೈದಿಗಳಿಗೆ ಪಕ್ಕದಲ್ಲೇ ಬೇರೆ ಜಾಗ. 'ಹಿಂದೋಸ್ತಾನ್' ಅಂತ ಒಂದು ಪತ್ರಿಕೆ, ಹಿಂದಿಯಲ್ಲೂ ಉರ್ದುವಿನಲ್ಲೂ. ಬರ್ಲಿನ್‌ನಲ್ಲಿದ್ದ ಭಾರತದ ಕ್ರಾಂತಿಕಾರಿಗಳು ಬಂದು ಭಾಷಣ ಮಾಡ್ತಿದ್ದರು. ಇವರ ಮುಂದಾಳುಗಳಲ್ಲಿ ಒಬ್ಬರು ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯ. ಇಂಗ್ಲಿಷರಿಗೋಸ್ಕರ ಯಾಕೆ ಸಾಯ್ತೀರಿ, ನಮ್ಮ ಜೊತೆ ಬನ್ನಿ ಅನ್ನೋದು ಅವರ ಕರೆ.

ಅಂದ್ರೆ ಮಾಲ್ ಸಿಂಗ್ ಮಾತಾಡಿದ್ದು ಎಂಥ ಜಾಗದಲ್ಲಿ ನೋಡಿ. ಒಂದು ಕಡೆ ಅವನು ಉಪ್ಪು ತಿಂದ ಬ್ರಿಟಿಷ್ ಸರ್ಕಾರ. ಇನ್ನೊಂದು ಕಡೆ ನಮ್ಮವನಾಗು ಅಂತ ದಿನಾ ಉಪದೇಶ ಮಾಡೋ ಜರ್ಮನಿ. ಅವನು ಎರಡೂ ಕಡೆಗೆ ತಲೆ ಆಡಿಸದೆ, ನನಗೆ ಬೆಣ್ಣೆ ಬೇಕು, ನಿಮ್ಮ ಜಗಳ ನೀವು ಬಗೆಹರಿಸ್ಕೊಳ್ಳಿ, ನಾನು ಮನೆಗೆ ಹೋಗ್ತೀನಿ ಅನ್ನೋ ಅರ್ಥದ ಕಥೆ ಹೇಳಿದ. ನೇರವಾಗಿ ಹೇಳಿದ್ರೆ ಕಷ್ಟ. ಅದಕ್ಕೇ ಯಾರೋ ಒಬ್ಬ ಮನುಷ್ಯ ಇದ್ದ ಅನ್ನೋ ಮುಸುಕು.

ಸಿಪಾಯಿಗಳ ಮಾತನ್ನು ಕೇಳೋದಕ್ಕೆ ಈ ಮುಸುಕು ಅರ್ಥ ಆಗಲೇಬೇಕು. ಯಾಕಂದ್ರೆ ಅವರು ಆಡಿದ ಮಾತೆಲ್ಲ ಯಾರೋ ಕದ್ದು ಕೇಳ್ತಾ ಇದ್ದಾಗ ಆಡಿದ್ದು. ಮತ್ತೆ, ಕದ್ದು ಕೇಳ್ತಾರೆ ಅಂತ ಅವರಿಗೂ ಚೆನ್ನಾಗಿ ಗೊತ್ತಿತ್ತು.

ಈಗ ಜರ್ಮನಿಯಿಂದ ಫ್ರಾನ್ಸ್‌ಗೆ ಬರೋಣ, ಎರಡು ವರ್ಷ ಹಿಂದಕ್ಕೆ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ಸೈನಿಕರು ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯೋದಕ್ಕೆ ಶುರು ಮಾಡಿದರು. ಅಕ್ಟೋಬರ್ ಮುಗಿಯೋ ಹೊತ್ತಿಗೆ ಬೆಲ್ಜಿಯಂನ ಈಪ್ರ್ ಹತ್ತಿರದ ಕಂದಕಗಳಲ್ಲಿ ಇದ್ದರು. ಚಳಿಗಾಲ ಬಂತು. ಬಿಸಿಲಿನ ದೇಶದ ತೆಳು ಬಟ್ಟೆಯಲ್ಲಿ ಬಂದಿದ್ದವರು, ಬೆಚ್ಚಗಿನ ಬಟ್ಟೆ ಸಿಗೋ ಹೊತ್ತಿಗೆ ಮಂಡಿ ತನಕ ಕೆಸರು, ಮೇಲೆ ಹಿಮ. ಅಲ್ಲಿಂದ ಊರಿಗೆ ಬರೆದರು. ಬರೆದರು ಅಂದ್ರೆ ಎಷ್ಟು? 1915ರ ಮಾರ್ಚ್ ಹೊತ್ತಿಗೆ ವಾರಕ್ಕೆ 10 ಸಾವಿರದಿಂದ 20 ಸಾವಿರ ಪತ್ರ! ಬಹುಪಾಲು ಜನಕ್ಕೆ ಓದು ಬರಹ ಬಾರದ ಸೈನ್ಯ ಇದು, ನೆನಪಿಡಿ.

ಹಾಗಾದ್ರೆ ಬರೆದವರು ಯಾರು? ಪಲ್ಟನ್ನಿನಲ್ಲಿ ಅಕ್ಷರ ಬಲ್ಲ ಒಬ್ಬನ ಪಕ್ಕ ಕೂತು ಹೇಳಿ ಬರೆಸ್ತಿದ್ದರು. ಸುತ್ತ ನಾಲ್ಕು ಜನ ಕೇಳ್ತಾ ಇರೋರು, ಮಧ್ಯೆ ಬಾಯಿ ಹಾಕೋರು. ಆಮೇಲೆ ಪಲ್ಟನ್ನಿನ ಅಧಿಕಾರಿ ಒಮ್ಮೆ ನೋಡ್ತಿದ್ದ. ಅಲ್ಲಿಂದ ಬೊಲೋನ್ ಅನ್ನೋ ಊರಲ್ಲಿದ್ದ ಭಾರತೀಯ ಅಂಚೆಯ ಸೆನ್ಸಾರ್ ಕಚೇರಿಗೆ. ಎವೆಲಿನ್ ಹೋವೆಲ್ ಅನ್ನೋ ಅಧಿಕಾರಿ ಅದರ ಮುಖ್ಯಸ್ಥ, ಭಾರತದಲ್ಲಿ ಕೆಲಸ ಮಾಡಿದ್ದವನು. ಅವನ ಕೈಕೆಳಗೆ ಉರ್ದು, ಹಿಂದಿ, ಗುರ್ಮುಖಿ ಬಲ್ಲವರ ಒಂದು ಸಣ್ಣ ತಂಡ. ಇವರೆಲ್ಲ ಆದಮೇಲೆ ಪತ್ರ ಹಡಗು ಹತ್ತಿ ಊರಿಗೆ ಬರೋದು. ಅಲ್ಲೂ ಓದೋಕೆ ಬರೋರು ಒಬ್ಬರೋ ಇಬ್ಬರೋ. ಮೇಷ್ಟ್ರೋ ಅಂಚೆಯವನೋ ಜೋರಾಗಿ ಓದಬೇಕು, ಕಟ್ಟೆ ಮೇಲೆ ಕೂತವರೆಲ್ಲ ಕೇಳಬೇಕು. ಗಂಡ ಹೆಂಡತಿಗೆ ಬರೆದ ಪತ್ರವೂ ಹೀಗೇ.

ನಮ್ಮ ಕಾಲದ ಲೆಕ್ಕದಲ್ಲಿ ಹೇಳೋದಾದ್ರೆ ಅದು ಫ್ಯಾಮಿಲಿ ಗ್ರೂಪಿಗೆ ಹಾಕಿದ ವಾಯ್ಸ್ ನೋಟ್. ಗ್ರೂಪಿನ ಅಡ್ಮಿನ್ ಮಾತ್ರ ಬ್ರಿಟಿಷ್ ಸರ್ಕಾರ.

ಹೋವೆಲ್‌ನ ಕೆಲಸ ಪತ್ರಗಳನ್ನು ತಡೆಯೋದಕ್ಕಿಂತ ಹೆಚ್ಚಾಗಿ ಸಿಪಾಯಿಗಳ ನಾಡಿ ಹಿಡಿದು ನೋಡೋದು. ಅಷ್ಟು ಪತ್ರಗಳನ್ನೂ ಓದೋದು ಸಾಧ್ಯವೇ ಇರಲಿಲ್ಲ. ಕೈಗೆ ಬಂದವುಗಳಲ್ಲಿ ಮುಖ್ಯ ಅನ್ನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಪ್ರತಿ ವಾರ ವರದಿ ಜೊತೆ ಲಂಡನ್ನಿಗೆ ಕಳಿಸ್ತಿದ್ದ. ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿರೋದು ಆ ಅನುವಾದಗಳೇ. ಮೂಲ ಪತ್ರಗಳು ಊರಿಗೆ ಹೋದವು, ಮಳೆಗೆ, ಗೆದ್ದಲಿಗೆ ಆಹಾರವಾದವು. ಯಾರ ಮೇಲೆ ಕಣ್ಣಿಡೋದಕ್ಕೆ ಆ ವರದಿ ಮಾಡಿದರೋ ಅವರ ಮಾತು ಉಳಿದಿರೋದು ಆ ವರದಿಯಿಂದಲೇ. ವಿಚಿತ್ರ ಅಲ್ವಾ?

ಸರಿ, ಅಡ್ಮಿನ್ ನೋಡ್ತಾನೆ ಅಂತ ಗೊತ್ತಿದ್ದಾಗ ಹೇಳಬೇಕಾದ್ದನ್ನು ಹೇಗೆ ಹೇಳ್ತೀರಿ? ನೀವೂ ಮಾಡ್ತೀರಿ. ಅಪ್ಪ ಅಮ್ಮ ಇರೋ ಗ್ರೂಪಲ್ಲಿ ಕಸಿನ್ಸ್‌ಗೆ ಮಾತ್ರ ಅರ್ಥ ಆಗೋ ಹಾಗೆ ಬರೀತೀರಿ. ಸಿಪಾಯಿಗಳು ಅಡುಗೆಮನೆಯಿಂದ ಪದ ತಗೊಂಡರು. ಹಿಂದಿಯಲ್ಲಿ ಕಾಲಿ ಮಿರ್ಚ್, ಲಾಲ್ ಮಿರ್ಚ್. ನಮ್ಮ ಲೆಕ್ಕದಲ್ಲಿ ಕರಿಮೆಣಸು, ಕೆಂಪು ಮೆಣಸಿನಕಾಯಿ. ಕರಿಮೆಣಸು ಅಂದ್ರೆ ಭಾರತೀಯ ಸಿಪಾಯಿ, ಕೆಂಪು ಅಂದ್ರೆ ಬಿಳಿ ಸೈನಿಕ. ಇಲ್ಲಿ ಕರಿಮೆಣಸು ಎಷ್ಟು ಖರ್ಚಾಗ್ತಿದೆ, ಕೆಂಪು ಎಷ್ಟು ಉಳಿದಿದೆ, ಯಾವುದರ ಘಾಟು ಜಾಸ್ತಿ ಅಂತೆಲ್ಲ ಪತ್ರದಲ್ಲಿ ಬರೀತಿದ್ದರು. ದಿನಸಿ ಪಟ್ಟಿ ಥರ ಕಾಣುತ್ತೆ. ವಿಷಯ ಇರೋದು ನಮ್ಮವರನ್ನು ಮುಂದೆ ನೂಕಿ ಮುಗಿಸ್ತಾ ಇದ್ದಾರೆ ಅಂತ. ಸೆನ್ಸಾರ್ ಕಚೇರಿಯವರಿಗೆ ಈ ಗುಟ್ಟು ಬಿಡಿಸೋದು ಕಷ್ಟ ಆಗಲಿಲ್ಲ. ಅವರೂ ಭಾರತದಲ್ಲಿ ಊಟ ಮಾಡಿದ್ದವರೇ.

ಇನ್ನೊಂದು ಇದೆ, ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತೆ. ಕರಿಗೇರು. ಹಿಂದೆ ಬಟ್ಟೆಗೆ ಗುರುತು ಹಾಕೋದಕ್ಕೆ ಅಗಸರು ಬಳಸ್ತಿದ್ದ ಕಾಯಿ. ಅದರ ರಸ ತಾಗಿದ್ರೆ ಚರ್ಮ ಬೊಬ್ಬೆ ಬಂದು ಹುಣ್ಣಾಗುತ್ತೆ. ಹಿಂದಿಯಲ್ಲಿ ಭಿಲಾವಾ ಅಂತಾರೆ. ಮನೆಯಿಂದ ಅದನ್ನು ಕಳಿಸಿ ಅಂತ ಕೇಳಿದ ಪತ್ರಗಳು ಸೆನ್ಸಾರ್ ಕೈಗೆ ಸಿಕ್ಕಿದ್ದವು. ಮೈಗೆ ಹಚ್ಕೊಂಡು ಕಾಯಿಲೆ ಬಂದಿದೆ ಅಂತ ತೋರಿಸಿ ಕಂದಕದಿಂದ ತಪ್ಪಿಸ್ಕೊಳ್ಳೋ ದಾರಿ ಅದು. ಯಾವ ಮನಃಸ್ಥಿತಿಯಲ್ಲಿ ಒಬ್ಬ ಮನುಷ್ಯ ತನ್ನ ಮೈ ಸುಟ್ಟುಕೊಳ್ಳೋ ಕಾಯನ್ನು ಹೆಂಡತಿ ಕೈಯಿಂದ ಪಾರ್ಸೆಲ್ ತರಿಸ್ಕೊಳ್ತಾನೆ, ಸ್ವಲ್ಪ ಯೋಚನೆ ಮಾಡಿ. ಹೇಡಿತನ ಅಂತ ಅನ್ನೋದು ಸುಲಭ. ಸೋಫಾ ಮೇಲೆ ಕೂತವರಿಗಂತೂ ತುಂಬಾ ಸುಲಭ.

ಕ್ಯಾಂಪಿನ ಬದುಕಿಗೆ ಬರ್ತೀನಿ. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಊಟದ ವಿಷಯದಲ್ಲಿ ಸರ್ಕಾರ ಬಹಳ ಎಚ್ಚರದಿಂದ ಇತ್ತು. 1857ರ ದಂಗೆ ಸಿಡಿದದ್ದು ತೋಟಾಕ್ಕೆ ಸವರಿದ ಕೊಬ್ಬಿನ ಗುಮಾನಿಯಿಂದ, ಅದನ್ನು ಮರೆತಿರಲಿಲ್ಲ. ಹಾಗಾಗಿ ಗೋಧಿ ಹಿಟ್ಟು, ಬೇಳೆ, ತುಪ್ಪ ಬರ್ತಿತ್ತು. ಆಡುಗಳನ್ನು ಜೀವಂತ ತರಿಸಿ, ಹಿಂದೂ ಮತ್ತು ಸಿಖ್ಖರಿಗೆ ಒಂದು ಕಡೆ, ಮುಸ್ಲಿಮರಿಗೆ ಇನ್ನೊಂದು ಕಡೆ ಅವರವರ ಪದ್ಧತಿಯಲ್ಲಿ ಕಡಿಸ್ತಿದ್ದರು.

ಗಾಯಗೊಂಡವರನ್ನು ಇಂಗ್ಲೆಂಡಿನ ಸಮುದ್ರತೀರದ ಬ್ರೈಟನ್‌ಗೆ ಸಾಗಿಸಿದರು. ಅಲ್ಲಿ ರಾಯಲ್ ಪೆವಿಲಿಯನ್ ಅಂತ ಗುಮ್ಮಟಗಳಿರೋ ಅರಮನೆ ಇದೆ. ಅದನ್ನೇ ಆಸ್ಪತ್ರೆ ಮಾಡಿದರು. ಒಂಬತ್ತು ಅಡುಗೆಮನೆ, ಕುಡಿಯೋ ನೀರಿಗೆ ಹಿಂದೂ ಮುಸ್ಲಿಂ ಬೇರೆ ಬೇರೆ ನಲ್ಲಿ. ರಾಜ ತನ್ನ ಅರಮನೆಯನ್ನೇ ಬಿಟ್ಟುಕೊಟ್ಟ ಅಂತ ಸಿಪಾಯಿಗಳು ಊರಿಗೆ ಬರೆದು ಹೆಮ್ಮೆಪಟ್ಟರು. ಇಲ್ಲೊಂದು ತಮಾಷೆ. ವಿಕ್ಟೋರಿಯಾ ರಾಣಿ ಆ ಅರಮನೆಯನ್ನು 1850ರಲ್ಲೇ ಊರಿನ ಪುರಸಭೆಗೆ ಮಾರಿಯಾಗಿತ್ತು. ಆದರೆ ರಾಜರ ಅರಮನೆ ಅನ್ನೋ ಮಾತು ಓಡಾಡಿದರೆ ಸರ್ಕಾರಕ್ಕೆ ಲಾಭವೇ, ಯಾರು ತಿದ್ದುತ್ತಾರೆ?

ಅದೇ ಊರಲ್ಲಿ ಇನ್ನೊಂದು ಆಸ್ಪತ್ರೆ, ಕಿಚನರ್ ಆಸ್ಪತ್ರೆ. ಮೊದಲು ಬಡವರನ್ನು ಇಟ್ಟು ದುಡಿಸ್ತಿದ್ದ ಕಟ್ಟಡ. ಅಲ್ಲಿ ಸುತ್ತ ಮುಳ್ಳುತಂತಿ ಬಿಗಿದರು. ಸಿಪಾಯಿಗಳು ಊರೊಳಗೆ ಒಬ್ಬೊಬ್ಬರೇ ಹೋಗುವ ಹಾಗಿಲ್ಲ. ಯಾಕೆ? ಬಿಳಿ ಹೆಂಗಸರ ಜೊತೆ ಮಾತಾಡಿಬಿಟ್ಟರೆ! ಜೈಲಿನ ಹಾಗಿದೆ ಅಂತ ಅಲ್ಲಿಂದ ಬರೆದ ಪತ್ರಗಳಲ್ಲಿ ದೂರು ಬರುತ್ತೆ. ರಾಜನಿಗಾಗಿ ಸಾಯಬಹುದು, ರಾಜನ ಊರಲ್ಲಿ ಬೀದಿ ಸುತ್ತೋ ಹಾಗಿಲ್ಲ.

ಫ್ರಾನ್ಸಿನಲ್ಲಿ ಹಾಗಿರಲಿಲ್ಲ. ವಿಶ್ರಾಂತಿಯ ದಿನಗಳಲ್ಲಿ ಸಿಪಾಯಿಗಳನ್ನು ಹಳ್ಳಿಯ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಇಳಿಸ್ತಿದ್ದರು. ಆ ಮನೆಯ ಮುದುಕಿ ತನ್ನ ಮಗನೂ ಯುದ್ಧಕ್ಕೆ ಹೋಗಿದ್ದಾನೆ ಅಂತ ಇವನಿಗೆ ಕಾಫಿ ಕೊಡೋದು, ಬಟ್ಟೆ ಒಗೆದು ಕೊಡೋದು, ಹೊರಟಾಗ ಅಳೋದು. ಇಂಥವರನ್ನು ತಾಯಿ ಅಂತ ಕರೆದ ಪತ್ರಗಳು ಒಂದೆರಡಲ್ಲ. ಗಂಡಸರಿಲ್ಲದ ಊರಲ್ಲಿ ಹೆಂಗಸರೇ ಹೊಲ ಉಳ್ತಾರೆ, ಅಂಗಡಿ ನಡೆಸ್ತಾರೆ, ಪೇಪರ್ ಓದ್ತಾರೆ. ಇದನ್ನು ನೋಡಿದ ಸಿಪಾಯಿಗಳಲ್ಲಿ ಕೆಲವರು ಊರಿಗೆ ಬರೆದರು: ನಮ್ಮ ಹುಡುಗಿಯನ್ನು ಶಾಲೆಗೆ ಕಳಿಸಿ. ಅಪ್ಪ ಇದ್ದಾನೆ, ಅಣ್ಣ ಇದ್ದಾನೆ, ಅವರಿಗೆ ಪತ್ರದ ಮೂಲಕ ಜಗಳ ಆಡಿದವರೂ ಇದ್ದರು. ಇತಿಹಾಸ ಬರೆಯೋರು ಇಂಥದ್ದನ್ನು ಮನೆ ವಿಷಯ ಅಂತ ಒಂದು ಕಡೆ ಎತ್ತಿಡ್ತಾರೆ. ನನ್ನ ಕೇಳಿದ್ರೆ ಆ ಸಾಲಿನಲ್ಲಿ ಇರೋವಷ್ಟು ರಾಜಕೀಯ ಆಗಿನ ಎಷ್ಟೋ ಸಭೆಗಳ ಠರಾವುಗಳಲ್ಲಿ ಇರಲಿಲ್ಲ.

ನಿಜವಾದ ಕೋಪ ಬರ್ತಿದ್ದದ್ದು ಬೇರೆ ವಿಷಯಕ್ಕೆ. ಗಾಯ ಆದವನನ್ನು ಗುಣಪಡಿಸಿ ಮತ್ತೆ ಕಂದಕಕ್ಕೇ ಕಳಿಸ್ತಿದ್ದರು. ಸಿಪಾಯಿ ಅಂದುಕೊಂಡಿದ್ದು ಬೇರೆ. ಒಂದು ಸಲ ರಕ್ತ ಕೊಟ್ಟೆ, ಋಣ ತೀರಿತು, ಇನ್ನು ಮನೆಗೆ ಅಂತ. ಕೈ ಕಾಲು ಸರಿ ಇರೋ ತನಕ ಊರು ಸಿಗಲ್ಲ, ಊನ ಆದರೆ ಮಾತ್ರ ಊರು ಅಂತ ಗೊತ್ತಾದಾಗ ಪತ್ರಗಳ ದನಿಯೇ ಬದಲಾಯ್ತು. ತಮ್ಮನಿಗೆ, ಭಾವಮೈದುನನಿಗೆ ನೀನು ಸೈನ್ಯಕ್ಕೆ ಸೇರಬೇಡ ಅಂತ ಬರೆಯೋದಕ್ಕೆ ಶುರು ಮಾಡಿದರು. ಇದನ್ನು ಪ್ರಳಯ ಅಂದರು, ಮಹಾಭಾರತ ಅಂದರು, ಕರ್ಬಲಾ ಅಂದರು.

ಈ ಒಂದು ವಿಷಯ ಎಷ್ಟು ಆಳ ಇತ್ತು ಅಂತ ತೋರಿಸೋದಕ್ಕೆ ಇಬ್ಬರು ಅಣ್ಣತಮ್ಮಂದಿರ ಕಥೆ ಹೇಳಲೇಬೇಕು. ಮೀರ್ ದಸ್ತ್ ಮತ್ತು ಮೀರ್ ಮಸ್ತ್. ಇಬ್ಬರೂ ವಾಯವ್ಯ ಗಡಿಯ ಅಫ್ರೀದಿ ಪಠಾಣರು, ಇಬ್ಬರೂ ಬ್ರಿಟಿಷ್ ಇಂಡಿಯಾ ಸೈನ್ಯದಲ್ಲಿ ಜಮಾದಾರರು.

1915ರ ಮಾರ್ಚ್ ತಿಂಗಳ ಆರಂಭದಲ್ಲಿ, ನವ್ ಶಾಪೆಲ್ ಅನ್ನೋ ಹಳ್ಳಿ ಹತ್ತಿರ ಒಂದು ರಾತ್ರಿ, ಮೀರ್ ಮಸ್ತ್ ತನ್ನ ಕೆಲವು ಸಂಗಡಿಗರ ಜೊತೆ ಕಂದಕ ದಾಟಿ ಜರ್ಮನ್ನರ ಕಡೆ ಹೋಗಿಬಿಟ್ಟ. ಅದೇ ಅರ್ಧಚಂದ್ರ ಕ್ಯಾಂಪಿಗೆ ಬಂದ, ಮುಂದೆ ಜರ್ಮನಿ ಮತ್ತು ತುರ್ಕಿ ಕಾಬೂಲ್‌ಗೆ ಕಳಿಸಿದ ನಿಯೋಗದ ಜೊತೆ ಹೊರಟ. ಏಪ್ರಿಲ್ 26ರಂದು, ಅಂದ್ರೆ ಎರಡು ತಿಂಗಳೂ ಆಗಿಲ್ಲ, ಈಪ್ರ್‌ನಲ್ಲಿ ವಿಷಾನಿಲದ ನಡುವೆ ಮೀರ್ ದಸ್ತ್ ಗಾಯಗೊಂಡ ಅಧಿಕಾರಿಗಳನ್ನು ಎಳೆದು ತಂದು ಉಳಿಸಿದ. ಅದಕ್ಕೆ ಬ್ರಿಟಿಷರ ಅತ್ಯುನ್ನತ ಪದಕ ವಿಕ್ಟೋರಿಯಾ ಕ್ರಾಸ್. ಆಗಸ್ಟ್ 25ರಂದು ಬ್ರೈಟನ್ನಿನ ಅದೇ ಪೆವಿಲಿಯನ್‌ನ ತೋಟದಲ್ಲಿ ಐದನೇ ಜಾರ್ಜ್ ರಾಜನೇ ಪದಕ ಚುಚ್ಚಿದ.

ಒಬ್ಬ ದ್ರೋಹಿ, ಒಬ್ಬ ವೀರ. ಸಿನಿಮಾಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ರಾಜನ ಮುಂದೆ ನಿಂತಾಗ ಮೀರ್ ದಸ್ತ್ ಏನು ಕೇಳಿದ ಅಂತ ನೋಡಿ. ಜಮೀನು ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. ಒಮ್ಮೆ ಗಾಯ ಆದವರನ್ನು ಮತ್ತೆ ಯುದ್ಧಕ್ಕೆ ಕಳಿಸಬೇಡಿ ಅಂತ ಕೇಳಿಕೊಂಡ. ಒಬ್ಬ ಕತ್ತಲಲ್ಲಿ ನಡೆದು ಕಂದಕ ದಾಟಿ ಹೇಳಿದ್ದು, ಇನ್ನೊಬ್ಬ ರಾಜನ ಮುಂದೆ ಕೈಮುಗಿದು ಹೇಳಿದ್ದು, ನನ್ನ ಕಿವಿಗೆ ಬಹಳ ಹತ್ತಿರದ ಮಾತುಗಳಾಗಿ ಕೇಳಿಸುತ್ತೆ.

ಆದ್ದರಿಂದಲೇ ಈ ಪತ್ರಗಳನ್ನು ಹಿಡ್ಕೊಂಡು ಸಿಪಾಯಿಗಳು ನಿಷ್ಠರೋ ಬಂಡಾಯಗಾರರೋ ಅಂತ ಎರಡು ಬುಟ್ಟಿಗೆ ಹಾಕೋದು ನನಗೆ ಸರಿ ಕಾಣಲ್ಲ. ರಾಜನ ಉಪ್ಪಿನ ಋಣ ಅಂತ ಬರೆದವನೇ ಮುಂದಿನ ಪತ್ರದಲ್ಲಿ ತಮ್ಮನಿಗೆ ಸೇರಬೇಡ ಅಂತ ಬರೀಬಹುದು. ಎರಡೂ ನಿಜ ಇರಬಹುದು. ಅಡ್ಮಿನ್ ಇರೋ ಗ್ರೂಪಲ್ಲಿ ಥಂಬ್ಸ್ ಅಪ್ ಹಾಕಿದ್ರೆ ಒಪ್ಪಿದ್ದಾನೆ ಅಂತಲೂ ಅಲ್ಲ, ಸುಳ್ಳು ಹೇಳ್ತಿದ್ದಾನೆ ಅಂತಲೂ ಅಲ್ಲ.

ಮುಸುಕೇ ಇಲ್ಲದೆ ಬರೆದವರು ಇರಲಿಲ್ವಾ? ಇದ್ದರು, ಅವರು ಸಿಪಾಯಿ ಅಲ್ಲ, ಡಾಕ್ಟರ್. ಬಂಗಾಳದ ಕ್ಯಾಪ್ಟನ್ ಕಲ್ಯಾಣ್ ಮುಖರ್ಜಿ. ಜಾಗ ಫ್ರಾನ್ಸ್ ಅಲ್ಲ, ಮೆಸೊಪೊಟೇಮಿಯಾ, ಅಂದ್ರೆ ಇವತ್ತಿನ ಇರಾಕ್. ಬ್ರಿಟಿಷ್ ಇಂಡಿಯಾ ಸೈನ್ಯ ಅಲ್ಲಿ ಬಾಗ್ದಾದ್ ಹಿಡಿಯೋಕೆ ಹೋಗಿ, ಸೋತು ಹಿಂದೆ ಸರಿದು, ಕುತ್ ಅನ್ನೋ ಊರಲ್ಲಿ ತುರ್ಕಿ ಸೈನ್ಯದ ಮುತ್ತಿಗೆಗೆ ಸಿಕ್ಕಿತು. 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ 29ರವರೆಗೆ. ಆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರಲ್ಲಿ ಮೂರು ಮರಾಠಾ ಪಲ್ಟನ್‌ಗಳು ಇದ್ದವು, 103, 110 ಮತ್ತು 117. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರೋ ಮರಾಠಾ ಲೈಟ್ ಇನ್‌ಫಂಟ್ರಿಯ ಪೂರ್ವಜರು ಇವರು. ಊಟ ಮುಗಿದು ಕುದುರೆಗಳನ್ನು ಕಡಿಯೋ ಹೊತ್ತು ಬಂತು. ಭಾರತೀಯ ಸಿಪಾಯಿಗಳು ಬಹುಪಾಲು ತಿನ್ನಲಿಲ್ಲ. ತಿನ್ನಬಹುದು ಅಂತ ಭಾರತದ ಧರ್ಮಗುರುಗಳಿಂದ ನಿಸ್ತಂತು ಮೂಲಕ ಅಪ್ಪಣೆ ತರಿಸಿದರೂ ತುಂಬಾ ದಿನ ತಿನ್ನಲಿಲ್ಲ. ಊರಿಗೆ ಹೋದ ಮೇಲೆ ಏನಂತಾರೋ ಅನ್ನೋ ಭಯ. ಸಾಯೋ ಹಸಿವಲ್ಲೂ ಊರ ಕಟ್ಟೆ ಕಣ್ಣ ಮುಂದೆ.

ಕಲ್ಯಾಣ್ ಅವರು ಮುತ್ತಿಗೆಗೆ ಮುಂಚೆಯೇ, 1915ರ ಅಕ್ಟೋಬರ್‌ನಲ್ಲಿ ಮನೆಗೆ ಒಂದು ಪತ್ರ ಬರೆದರು. ಅದರ ವಾದ ಹೀಗೆ: ಈ ರಕ್ತಪಾತಕ್ಕೆಲ್ಲ ಮೂಲ ದೇಶಭಕ್ತಿ, ಅದನ್ನು ನಮಗೆ ಕಲಿಸಿದ ಗುರು ಇಂಗ್ಲೆಂಡ್. ತುಂಡು ನೆಲಕ್ಕಾಗಿ ಸಾವಿರಾರು ಜನರನ್ನು ಕೊಂದು ಅದಕ್ಕೆ ದೇಶಪ್ರೇಮ ಅಂತ ಹೆಸರಿಡೋದು. ಇದನ್ನೇ ನೋಡಿ ನಮ್ಮ ಹುಡುಗರೂ ಬಾಂಬ್ ಎಸೆಯೋದು ಕಲಿತಿದ್ದಾರೆ. ಬ್ರಿಟಿಷರನ್ನೂ ಬಿಡಲಿಲ್ಲ, ತನ್ನದೇ ಬಂಗಾಳದ ಕ್ರಾಂತಿಕಾರಿಗಳನ್ನೂ ಬಿಡಲಿಲ್ಲ. ರವೀಂದ್ರನಾಥ ಟಾಗೋರರು ಜಪಾನಿನಲ್ಲಿ ರಾಷ್ಟ್ರೀಯತೆಯನ್ನು ಟೀಕಿಸಿ ಭಾಷಣ ಮಾಡಿದ್ದು 1916ರಲ್ಲಿ. ಅದಕ್ಕೂ ಮುಂಚೆ ಒಬ್ಬ ಮಿಲಿಟರಿ ಡಾಕ್ಟರ್, ಯೂನಿಫಾರ್ಮ್ ಹಾಕ್ಕೊಂಡೇ, ಗಾಯಗಳಿಗೆ ಬ್ಯಾಂಡೇಜ್ ಕಟ್ಟುತ್ತಾ ಇದನ್ನು ಬರೆದಿದ್ದರು. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಬರೆದ ಜಾಗ ಯಾವುದು ಅಂತ ಮಾತ್ರ ಮರೀಬೇಡಿ.

ಕುತ್ ಶರಣಾದಾಗ ಅವರೂ ಕೈದಿಯಾದರು. 1917ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರ ಪತ್ರಗಳು ನಮಗೆ ಸಿಕ್ಕಿದ್ದು ಅವರ ಅಜ್ಜಿ ಮೋಕ್ಷದಾ ದೇವಿಯವರಿಂದ. ಮೊಮ್ಮಗ ಸತ್ತು ಹತ್ತು ವರ್ಷದ ಮೇಲೆ, 80ರ ಆಸುಪಾಸಿನ ವಯಸ್ಸಿನಲ್ಲಿ, ಆ ಪತ್ರಗಳನ್ನು ಜೋಡಿಸಿ, ಯುದ್ಧದ ವಿವರಗಳನ್ನು ತಾವೇ ಓದಿ ತಿಳ್ಕೊಂಡು, ಬಂಗಾಳಿಯಲ್ಲಿ 'ಕಲ್ಯಾಣ ಪ್ರದೀಪ' ಅನ್ನೋ ಪುಸ್ತಕ ಮಾಡಿದರು. 1928ರಲ್ಲಿ ಅದು ಅಚ್ಚಾಯಿತು.

ಹಾಗಾದ್ರೆ ನಮ್ಮವರು? ಕನ್ನಡ ಮಾತಾಡೋರು? ಬೊಲೋನಿನ ಮೇಜಿನ ಮೇಲೆ ರಾಶಿ ಬಿದ್ದದ್ದು ಹೆಚ್ಚಾಗಿ ಪಂಜಾಬಿನ, ಗಡಿನಾಡಿನ, ಗಢವಾಲದ ಪತ್ರಗಳು. ಯುದ್ಧಕ್ಕೆ ಹುಟ್ಟಿದ ಜಾತಿಗಳು ಅಂತ ಬ್ರಿಟಿಷರು ಒಂದು ಪಟ್ಟಿ ಮಾಡಿಕೊಂಡು ದಕ್ಷಿಣದವರ ಭರ್ತಿಯನ್ನು ಆ ಹೊತ್ತಿಗೆ ತುಂಬಾ ಕಡಿಮೆ ಮಾಡಿದ್ದರು. ಮೈಸೂರು ಸಂಸ್ಥಾನದಿಂದ ಹೋದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಫ್ರಾನ್ಸಿಗೆ ಹೋಗಲಿಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಹಿಡಿದದ್ದು ಇವರೇ. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿಂದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟದ್ದು ಎಲ್ಲ ಪುಸ್ತಕದಲ್ಲೂ ಇದೆ. ಸಿನಾಯ್ ಮರಳಿನಲ್ಲಿ ಕುದುರೆಗೆ ನೀರು ಕುಡಿಸ್ತಾ ಇದ್ದವನಿಗೆ ರಾಗಿಮುದ್ದೆ ನೆನಪಾಗಿ ಮನೆಗೆ ಏನು ಬರೆಸಿದ ಅನ್ನೋದಕ್ಕೆ ಹೋವೆಲ್ ಥರ ಒಬ್ಬ ಗುಮಾಸ್ತ ಕೂತು ಕಾಪಿ ಇಡಲಿಲ್ಲ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಹಳೇ ಮೈಸೂರು ಕಡೆಯವರು, ಬೆಳಗಾವಿ ಕಡೆಯವರು, ಬೆಂಗಳೂರಿನ ದಂಡು ಪ್ರದೇಶದಲ್ಲಿ ತಲೆಮಾರುಗಳಿಂದ ಇರೋರು, ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕ್ ಇಳಿಸಿ ನೋಡಿ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬೆತ್ತಲೆ ಮನುಷ್ಯ ಇರೋ ದುಂಡನೆಯ ಪದಕ ಸಿಕ್ಕರೆ ಅದು ಈ ಯುದ್ಧದ್ದು. ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ಸಣ್ಣ ಅಕ್ಷರದಲ್ಲಿ ಹೆಸರು, ನಂಬರ್, ಪಲ್ಟನ್ ಕೊರೆದಿರುತ್ತೆ. ಬೆಳ್ಳಿಯದಾದರೆ ಸಿಪಾಯಿ. ಕಂಚಿನದಾದರೆ ಆತ ಹೋಗಿದ್ದು ಕೂಲಿ ದಳದಲ್ಲಿ ಇರಬಹುದು, ಆ ದಳದವರಿಗೆ ಕಂಚಿನದನ್ನೇ ಕೊಡ್ತಿದ್ದರು. ಅಂಚಿನ ಫೋಟೋ ತೆಗೀರಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಫೋನಿನ ರೆಕಾರ್ಡರ್ ಆನ್ ಮಾಡಿ, ಇದು ಯಾರದ್ದು ಅಂತ ಕೇಳಿ. ಅವರು ಊಟದ ಕಥೆ ಶುರು ಮಾಡಿದರೆ ಮಧ್ಯದಲ್ಲಿ ತಡೀಬೇಡಿ.

ನಮಗೆ ಕಳಿಸಿದ್ರೆ ಮುಂದಿನ ಒಂದು ಸಂಚಿಕೆಯಲ್ಲಿ ಕೇಳಿಸ್ತೀವಿ.